ಏಲ್ ರುಚಿಗಾರರು

ನಮ್ಮ ನಾಡಿನ ಹಳ್ಳಿಗಳಲ್ಲಿ ಹಿಂದೆ ಹನ್ನೆರಡು ಮಂದಿ ಆಯಗಾರರಿದ್ದರಷ್ಟೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಬಡಗಿ, ಕಮ್ಮಾರ ಎಂದು ಎಣಿಸುತ್ತ ಹೋದರೆ, ಊರಿನ ಬಾಳಿಗೆ ಯಾವ ಯಾವ ಕೆಲಸಗಳು ಅವಶ್ಯಕವೆಂದು ಹಿರಿಯರು ಭಾವಿಸಿದ್ದರೆಂಬುದು ಆ ಪಟ್ಟಿಯಿಂದಲೇ ತಿಳಿದುಬರುತ್ತದೆ. ಮಧ್ಯಯುಗದ ಇಂಗ್ಲೆಂಡಿನ ಹಳ್ಳಿಗಳಿಗೂ ಇಂಥದೊಂದು ಪಟ್ಟಿಯಿತ್ತು. ಅದರಲ್ಲಿ ಜಹಗೀರಿನ ಪಾರುಪತ್ಯಗಾರ, ಬೆಳೆಗಾವಲಿನವನು, ಕಾನ್ಸ್ಟೇಬಲ್ ಮೊದಲಾದವರ ಜೊತೆಗೆ, ನಮ್ಮ ಪಟ್ಟಿಯಲ್ಲಿ ಎಲ್ಲಿಯೂ ಕಾಣದ ಒಬ್ಬನಿದ್ದನು. ಅವನೇ ಏಲ್ ರುಚಿಗಾರ. ಲ್ಯಾಟಿನ್ ದಫ್ತರಗಳಲ್ಲಿ ಅವನಿಗೆ ‘ಗುಸ್ಟಾಟೋರ್ ಸೆರ್ವೀಸಿಯೆ’ ಎಂದು ಹೆಸರು; ಜನರ ಮಾತಿನಲ್ಲಿ ‘ಏಲ್ ಕಾನರ್’.

ಊರಿನಲ್ಲಿ ಯಾರ ಮನೆಯಲ್ಲಿಯಾದರೂ ಹೊಸ ಏಲ್ ಸಿದ್ಧವಾಯಿತೆಂದರೆ, ಅದನ್ನು ಮಾರುವುದಕ್ಕೆ ಮೊದಲು ಆ ಮನೆಗೆ ಹೋಗಿ, ಒಂದು ಬಟ್ಟಲು ಕುಡಿದು, ರುಚಿಯೂ ಸತ್ತ್ವವೂ ಸರಿಯಾಗಿವೆಯೆ, ಬೆಲೆ ಶಾಸನವನ್ನು ಮೀರಿದೆಯೆ, ಅಳತೆಯ ಪಾತ್ರೆಗೆ ಮುದ್ರೆ ಬಿದ್ದಿದೆಯೆ ಎಂದು ನೋಡುವುದು ಅವನ ಕರ್ತವ್ಯವಾಗಿತ್ತು. ನೋಡಿದ್ದನ್ನು ಜಹಗೀರುದಾರನ ನ್ಯಾಯಸಭೆಯಲ್ಲಿ ಪ್ರಮಾಣಪೂರ್ವಕವಾಗಿ ಅರಿಕೆಮಾಡಬೇಕಾಗಿತ್ತು. ಕುಡಿಯುವುದೇ ಉದ್ಯೋಗವಾಗಿದ್ದವನೆಂದು ಈ ಕಾಲದವರು ನಗಬಹುದು. ಆದರೆ ಆರುನೂರು ಏಳುನೂರು ವರ್ಷಗಳ ಕೆಳಗೆ ಅದು ನಗೆಯ ಮಾತಾಗಿರಲಿಲ್ಲ. ಊರೂರಿನ ಚಿಕ್ಕ ಬಿಯರ್ ಮನೆಗಳಿಗೆ ಹೋಗಿ, ಅಲ್ಲಿಯ ಪಾನೀಯದ ಗುಣದೋಷಗಳನ್ನು ಬರೆದು ಪ್ರಕಟಿಸುವುದು ಇಂದು ಅನೇಕ ದೇಶಗಳಲ್ಲಿ ಪುಸ್ತಕಗಳಿಗೂ ಪತ್ರಿಕೆಗಳಿಗೂ ಒಂದು ವಿಷಯವಾಗಿದೆಯಲ್ಲವೆ. ಹಾಗೆ ಬರೆಯುವವರ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೋದರೆ ಸಿಕ್ಕುವ ಮೂಲಪುರುಷನು ಈ ಗ್ರಾಮಾಧಿಕಾರಿಯೇ.

ಏಲ್ ಎಂಬುದು ಮುಖ್ಯವಾಗಿ ಜವೆಗೋಧಿಯಿಂದ ಮಾಡುವ ಮದ್ಯ. ಧಾನ್ಯವನ್ನು ನೆನೆಯಿಟ್ಟು, ಮೊಳಕೆ ಬರಿಸಿ, ಬೆಂಕಿಯ ಕಾವಿನಲ್ಲಿ ಒಣಗಿಸಿ, ತರಿತರಿಯಾಗಿ ಬೀಸಿ, ಬಿಸಿನೀರಿನಲ್ಲಿ ಕಲಸಿಟ್ಟರೆ ಅದರ ಹಿಟ್ಟು ಸಿಹಿಯಾಗಿ ಮಾರ್ಪಡುತ್ತದೆ. ಆ ಸಿಹಿನೀರನ್ನು ಬಸಿದು ಆರಿಸಿ ಹುದುಗು ಹಾಕಿದರೆ ಕೆಲವು ದಿನಗಳಲ್ಲಿಯೇ ನೊರೆಯೆದ್ದು ಏಲ್ ಆಗುತ್ತದೆ. ಉಳಿದ ಚರಟದ ಮೇಲೆ ಮತ್ತೊಮ್ಮೆ ನೀರು ಹುಯ್ದು ತೆಗೆದದ್ದು ತೆಳು ಏಲ್. ಮಕ್ಕಳೂ ಆಳುಗಳೂ ಕುಡಿಯುತ್ತಿದ್ದುದು ಬಹುಮಟ್ಟಿಗೆ ಅದನ್ನೇ. ಹುದುಗು ಎಂದರೇನೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ನಾರಿಚ್ ಪಟ್ಟಣದ ೧೫ನೆಯ ಶತಮಾನದ ಒಂದು ಕಟ್ಟಳೆಯಲ್ಲಿ ಅದನ್ನು ದೇವರ ಒಳ್ಳೆಯತನವೆಂಬ ಅರ್ಥದ ಹೆಸರಿನಿಂದ ಕರೆದಿದೆ. ಅದು ದೇವರ ಕೃಪೆಯಿಂದ ಬರುವ ವಸ್ತುವಾದ್ದರಿಂದ ಕೇಳಿದವರಿಗೆ ಇಲ್ಲವೆನ್ನಬಾರದು, ಪ್ರತಿಯಾಗಿ ರೊಟ್ಟಿಯನ್ನೋ ಮೊಟ್ಟೆಯನ್ನೋ ಪಡೆಯಬಹುದು, ಅದರ ಬೆಲೆ ಕಾಲು ಪೆನ್ನಿಯನ್ನು ಮೀರಬಾರದು ಎಂದು ಅಲ್ಲಿ ವಿಧಿಸಿದೆ. ನೆರೆಮನೆಯಿಂದ ಹೆಪ್ಪು ತಂದು ಹಾಲಿಗೆ ಹಾಕುವ ನಮ್ಮ ಮನೆಗಳಲ್ಲಿ ಈ ಕಟ್ಟಳೆಯ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ನೀರು ಕೆಟ್ಟಿದ್ದುದರಿಂದಲೇ ಆ ಕಾಲದ ಜನ ಏಲನ್ನು ಕುಡಿಯುತ್ತಿದ್ದರೆಂದು ಹಲವರು ಬರೆಯುತ್ತಾರೆ. ಈ ಮಾತನ್ನು ಪೂರ್ತಿಯಾಗಿ ನಂಬಲಾಗುವುದಿಲ್ಲ. ಲಂಡನ್ ನಗರದವರು ೧೩ನೆಯ ಶತಮಾನದಲ್ಲಿಯೇ ಊರಾಚೆಯ ಬುಗ್ಗೆಗಳಿಂದ ಕೊಳವೆಯ ಮೂಲಕ ನೀರು ತರಿಸಿಕೊಂಡಿದ್ದರು. ಕುಡಿಯುವ ನೀರಿನ ವಿಚಾರದಲ್ಲಿ ಅವರು ಅಷ್ಟು ಉದಾಸೀನರಾಗಿರಲಿಲ್ಲ. ಏಲ್ ಅವರಿಗೆ ಪಾನೀಯಕ್ಕಿಂತ ಹೆಚ್ಚಾಗಿ ಆಹಾರವೇ ಆಗಿತ್ತೆಂದರೆ ಸತ್ಯಕ್ಕೆ ಹತ್ತಿರವಾದೀತು. ರೊಟ್ಟಿಯ ಜೊತೆಗೆ ಅದನ್ನೂ ಸೇರಿಸಿ ಒಂದೇ ಶಾಸನ ಮಾಡಿದ್ದಕ್ಕೆ ಇದೇ ಕಾರಣವಾಗಿರಬೇಕು.

ಆ ಏಲಿಗೆ ಒಂದು ಕೊರತೆಯಿತ್ತು. ಅದು ಬಹುದಿನ ಇರುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಹುಳಿಯಾಗುತ್ತಿತ್ತು. ಕಡಾಯಿ ತುಂಬ ಮಾಡಿದ ಏಲನ್ನು ಒಂದು ಸಂಸಾರದವರು ಮಾತ್ರವೇ ಕುಡಿದು ಮುಗಿಸುವಂತಿರಲಿಲ್ಲ. ಆದ್ದರಿಂದ ಈ ವಾರ ಒಬ್ಬಳು ಮಾಡಿ ಮಿಕ್ಕದ್ದನ್ನು ನೆರೆಹೊರೆಯವರಿಗೆ ಮಾರುವಳು. ಮುಂದಿನ ವಾರ ಅವಳೇ ಮತ್ತೊಬ್ಬಳ ಮನೆಯಿಂದ ಕೊಂಡು ತರುವಳು. ಮನೆಯ ಮುಂದೆ ಒಂದು ಗಳುವಿಗೆ ಸೊಪ್ಪಿನ ಕಂತೆ ಕಟ್ಟಿ ಚಾಚಿದರೆ ಏಲ್ ಸಿದ್ಧವಾಗಿದೆಯೆಂದು ಅರ್ಥ. ಅದನ್ನು ಕಂಡು ಗಿರಾಕಿಗಳಿಗಿಂತ ಮೊದಲು ರುಚಿಗಾರನು ಬರಬೇಕು. ಲಂಡನ್ನಿನಲ್ಲಿ ಈ ಗಳುಗಳು ಉದ್ದವಾಗುತ್ತ ಹೋಗಿ ಬೀದಿಯಲ್ಲಿ ಓಡಾಡುವವರಿಗೆ ಅಡ್ಡವಾದುದರಿಂದ, ಏಳಡಿಗಿಂತ ಹೆಚ್ಚು ಚಾಚಬಾರದೆಂದು ೧೩೭೫ರಲ್ಲಿ ನಗರಸಭೆಯವರು ಆಜ್ಞೆಮಾಡಬೇಕಾಯಿತು.

ಏಲ್ ಮಾಡುವವರು ಬಹುಮಟ್ಟಿಗೆ ಹೆಂಗಸರು. ‘ಬ್ರೂಸ್ಟರ್’ ಎಂಬ ಮಾತೇ ಸ್ತ್ರೀಲಿಂಗದ್ದು. ನಾರ್ತಾಂಪ್ಟನ್ ಸೀಮೆಯ ಬ್ರಿಗ್‌ಸ್ಟಾಕ್ ಎಂಬ ಹಳ್ಳಿಯ ನ್ಯಾಯಸಭೆಯ ಸುರುಳಿಗಳನ್ನು ಜೂಡಿತ್ ಬೆನೆಟ್ ಎಂಬ ವಿದುಷಿ ಶೋಧಿಸಿ, ೧೩೪೮–೪೯ರ ಮಹಾಮಾರಿಗೆ ಹಿಂದಿನ ಕಾಲದಲ್ಲಿ ಅಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಹೆಂಗಸರು, ಎಂದರೆ ಆ ಊರಿನ ಹೆಂಗಸರಲ್ಲಿ ಸುಮಾರು ಮೂರರಲ್ಲೊಂದು ಪಾಲು, ಒಂದಲ್ಲ ಒಂದು ಸಲ ಏಲ್ ಮಾರಿದ್ದರೆಂದು ತೋರಿಸಿದ್ದಾರೆ. ಗಂಡನ ಹೊಲದ ಕೆಲಸದ ನಡುವೆ, ಮಕ್ಕಳ ಪಾಲನೆಯ ನಡುವೆ, ಒಲೆಯನ್ನು ಬಿಟ್ಟು ದೂರ ಹೋಗದೆ ನಾಲ್ಕು ಕಾಸು ಸಂಪಾದಿಸುವುದಕ್ಕೆ ಅವರಿಗಿದ್ದ ದಾರಿ ಇದು.

ಈ ವ್ಯಾಪಾರದ ಮೇಲೆ ರಾಜ್ಯದ ದೃಷ್ಟಿ ಬಹು ಹಿಂದೆಯೇ ಬಿದ್ದಿತ್ತು. ವಿಜಯಿಯಾದ ವಿಲಿಯಂ ೧೦೮೬ರಲ್ಲಿ ಬರೆಯಿಸಿದ ‘ಡೂಮ್ಸ್‌ಡೇ’ ಕಡತದಲ್ಲಿ ಚೆಸ್ಟರ್ ಪಟ್ಟಣದ ಕಟ್ಟಳೆಗಳು ಬಂದಿವೆ. ಅಲ್ಲಿ ಕೆಟ್ಟ ಏಲ್ ಮಾಡಿದವರು ನಾಲ್ಕು ಷಿಲ್ಲಿಂಗು ದಂಡ ತೆರಬೇಕು. ಇಲ್ಲವೆ ‘ಸಗಣಿಯ ಪೀಠ’ದ ಮೇಲೆ ಕುಳಿತು ಊರವರ ಅಪಹಾಸ್ಯಕ್ಕೆ ಗುರಿಯಾಗಬೇಕು. ೧೨೧೫ರ ಮ್ಯಾಗ್ನಾ ಕಾರ್ಟಾ ಎಂಬ ಮಹಾಸನದು ಪ್ರಜೆಗಳ ಹಕ್ಕುಬಾಧ್ಯತೆಗಳಿಗೆ ಹೆಸರಾದದ್ದು. ರಾಜ್ಯದಲ್ಲೆಲ್ಲ ಏಲಿಗೆ ಒಂದೇ ಅಳತೆಯಿರಬೇಕೆಂಬ ವಿಧಿಯೂ ಅದರಲ್ಲಿದೆಯೆಂಬುದನ್ನು ಅನೇಕರು ಗಮನಿಸಿರಲಾರರು. ಬಳಿಕ, ಮೂರನೆಯ ಹೆನ್ರಿಯ ಕಾಲದಲ್ಲಿ, ಸಾಮಾನ್ಯವಾಗಿ ೧೨೬೬–೬೭ ಎಂದು ಕಾಲ ಹೇಳುವ ‘ರೊಟ್ಟಿ ಮತ್ತು ಏಲಿನ ಕಟ್ಟಳೆ’ ಹೊರಟಿತು. ಧಾನ್ಯದ ಧಾರಣೆ ಏರಿದರೆ ಏಲಿನ ಬೆಲೆಯೂ ಏರಬಹುದು, ಇಳಿದರೆ ಇಳಿಯಲೇಬೇಕು ಎಂಬುದು ಇದರ ಸೂತ್ರ. ಒಂದು ಕ್ವಾರ್ಟರ್ ಜವೆಗೋಧಿಗೆ ೨೦ ಪೆನ್ನಿಯಿಂದ ೨ ಷಿಲ್ಲಿಂಗಿನವರೆಗೆ ಬೆಲೆಯಿದ್ದಾಗ ಪಟ್ಟಣಗಳಲ್ಲಿ ಪೆನ್ನಿಗೆ ೨ ಗ್ಯಾಲನ್ನೂ, ಹಳ್ಳಿಗಳಲ್ಲಿ ೩ ಅಥವಾ ೪ ಗ್ಯಾಲನ್ನೂ ಕೊಡಬೇಕೆಂದು ಅದರಲ್ಲಿ ಲೆಕ್ಕ ಹಾಕಿದೆ. ಮೇಲೆ ಮೇಲೆ ತಪ್ಪಿದವರಿಗೆ ದಂಡ ಸಾಲದೆ ಶರೀರಶಿಕ್ಷೆಯೂ ಉಂಟು.

ಕಟ್ಟಳೆ ಕಾಗದದ ಮೇಲೆ ಇದ್ದಂತೆ ಹಳ್ಳಿಯಲ್ಲಿ ನಡೆಯಲಿಲ್ಲ. ಕಾಲಕ್ರಮದಲ್ಲಿ ಏಲ್ ಮಾಡಿದವರೆಲ್ಲರಿಗೂ, ಒಳ್ಳೆಯದನ್ನು ಮಾಡಿದವರಿಗೂ ಕೆಟ್ಟದ್ದನ್ನು ಮಾಡಿದವರಿಗೂ, ನ್ಯಾಯಸಭೆ ಕೂಡಿದಾಗಲೆಲ್ಲ ಒಂದೆರಡು ಪೆನ್ನಿ ದಂಡ ಹಾಕುವುದೇ ರೂಢಿಯಾಯಿತು. ಹೆಸರಿಗೆ ದಂಡ, ನಿಜಕ್ಕೆ ಪರವಾನಗಿಯ ಹಣ; ಜಹಗೀರುದಾರನ ಬೊಕ್ಕಸಕ್ಕೆ ಒಂದು ಖಾಯಂ ಆದಾಯ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಮತ್ತೊಂದು. ರುಚಿಗಾರರಾಗುತ್ತಿದ್ದವರು ಊರಿನ ಅನುಕೂಲಸ್ಥ ಗಂಡಸರು. ಏಲ್ ಮಾಡುವುದಕ್ಕೆ ಬೇಕಾದ ದೊಡ್ಡ ಹಂಡೆ, ಪೀಪಾಯಿ, ಹೆಚ್ಚಿನ ಧಾನ್ಯ ಇರುತ್ತಿದ್ದುದೂ ಅನುಕೂಲಸ್ಥರ ಮನೆಯಲ್ಲಿಯೇ. ಆದುದರಿಂದ ರುಚಿಗಾರನ ಹೆಂಡತಿಯೇ ಏಲ್ ಮಾರುತ್ತಿದ್ದ ನಿದರ್ಶನಗಳು ಅಪೂರ್ವವಲ್ಲ. ತನ್ನ ಮನೆಯ ಕಡಾಯಿಯ ರುಚಿಯನ್ನು ಅವನು ಯಾವ ನಾಲಗೆಯಿಂದ ನೋಡಿದನೋ! ಹೆಂಗಸರಿಗೆ ಮಾತ್ರ ಆ ಅಧಿಕಾರ ಸಿಕ್ಕಿದ್ದು ತೀರ ಅಪರೂಪ. ಮಾಡುವವರು ಅವರು, ತೀರ್ಪು ಹೇಳುವವರು ಇವರು.

ಈ ಉದ್ಯೋಗದಲ್ಲಿದ್ದವರಲ್ಲಿ ಪ್ರಖ್ಯಾತನಾದವನು ಜಾನ್ ಷೇಕ್ಸ್‌ಪಿಯರ್, ಮಹಾಕವಿಯ ತಂದೆ. ೧೫೫೬ರಲ್ಲಿ ಅವನನ್ನು ಸ್ಟ್ರಾಟ್‌ಫರ್ಡ್ ಪಟ್ಟಣದ ಏಲ್ ರುಚಿಗಾರನನ್ನಾಗಿ ಆರಿಸಿದರು. ಮರುವರ್ಷ ಸಭೆಗಳಿಗೆ ಹಾಜರಾಗಲಿಲ್ಲವೆಂದು ಅವನಿಗೇ ದಂಡ ಬಿದ್ದಿತು. ಆ ಊರಿನಲ್ಲಿ ಅವನು ಮುಂದೆ ಪಡೆದ ದೊಡ್ಡ ಪದವಿಗಳಿಗೆಲ್ಲ ಇದೇ ಮೊದಲ ಮೆಟ್ಟಲು. ರುಚಿಗಾರನು ಚರ್ಮದ ಚಲ್ಲಣ ತೊಟ್ಟು, ಬೆಂಚಿನ ಮೇಲೆ ಏಲ್ ಚೆಲ್ಲಿ, ಅದರ ಮೇಲೆ ಅರ್ಧ ಗಂಟೆ ಕುಳಿತು ಏಳುವಾಗ ಚಲ್ಲಣ ಅಂಟಿಕೊಂಡಿತೆ ಇಲ್ಲವೆ ಎಂಬುದರಿಂದ ಪರೀಕ್ಷೆ ಮಾಡುತ್ತಿದ್ದನೆಂಬ ಕಥೆ ಅನೇಕ ಪುಸ್ತಕಗಳಲ್ಲಿ ಬರುತ್ತದೆ. ಕಥೆ ರಸವತ್ತಾಗಿದೆ, ಆದರೆ ಮಧ್ಯಯುಗದ ದಾಖಲೆಗಳಲ್ಲಿ ಇದಕ್ಕೆ ಆಧಾರವಿಲ್ಲ. ಒಂದು ಗುಟುಕಿನಿಂದ ತಿಳಿಯುವುದಕ್ಕೆ ಅರ್ಧ ಗಂಟೆ ಕುಳಿತುಕೊಳ್ಳುವ ಅವಶ್ಯಕತೆಯಾದರೂ ಏನು?

ಪಾನಗೃಹಗಳ ಮೇಲ್ವಿಚಾರಣೆ ಇಂಗ್ಲೆಂಡಿನವರೇ ಮೊದಲು ಕಂಡುಕೊಂಡದ್ದೆಂದು ಭಾವಿಸಬಾರದು. ಅವರಿಗೆ ಎಷ್ಟೋ ಶತಮಾನಗಳ ಹಿಂದೆಯೇ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಸುರಾಧ್ಯಕ್ಷ’ನೆಂಬ ಅಧಿಕಾರಿಯ ಪ್ರಕರಣವೇ ಒಂದುಂಟು. ಲೋಕಕ್ಕೆ ಮರೆಯಾಗಿದ್ದ ಆ ಗ್ರಂಥದ ಓಲೆಯ ಪ್ರತಿ ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಭಂಡಾರಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ ೧೯೦೯ರಲ್ಲಿ ಅಚ್ಚಾದುದು ಕನ್ನಡಿಗರಿಗೆ ತಿಳಿದ ವಿಷಯವೇ ಆಗಿದೆ. ಒಂದು ದ್ರೋಣ ನೀರಿಗೆ ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಸೇರಿಸಿ ಮಾಡುವ ‘ಮೇದಕ’ವೆಂಬ ಮದ್ಯದ ಕ್ರಮ ಅಲ್ಲಿದೆ. ಅದು ಅಕ್ಕಿಯ ಬಿಯರೇ ಸರಿ. ಪಾನಗೃಹದಲ್ಲಿ ಅನೇಕ ಕೋಣೆಗಳಿರಬೇಕು, ಹಾಸಿಗೆ ಆಸನಗಳು ಬೇರೆಬೇರೆಯಾಗಿರಬೇಕು, ಗಂಧ ಮಾಲೆಗಳೂ ನೀರೂ ಇದ್ದು ಎಲ್ಲ ಋತುಗಳಲ್ಲಿಯೂ ಸುಖಕರವಾಗಿರಬೇಕು ಎಂದು ವಿಧಿಸಿದೆ. ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನಗಳ ಮಟ್ಟಿಗೆ ಮದ್ಯಕ್ಕೆ ಸಡಿಲಿಕೆಯುಂಟು. ಸುರೆ ಕಿಣ್ವಗಳ ಕೆಲಸವನ್ನು ಇಲ್ಲಿಯೂ ಹೆಂಗಸರಿಗೂ ಮಕ್ಕಳಿಗೂ ವಹಿಸಿರುವುದು ಗಮನಾರ್ಹ. ಆದರೆ ಕೌಟಿಲ್ಯನ ಚಿಂತೆ ಬೇರೆ. ಪಾನಗೃಹಕ್ಕೆ ಅವನು ಕಳುಹಿಸುವವರು ಗೂಢಚಾರರು. ಅವರು ನೋಡಬೇಕಾದುದು ಕುಡಿಯುವವರು ಮಾಮೂಲಿಗಿಂತ ಹೆಚ್ಚು ಹಣ ಚೆಲ್ಲುತ್ತಿರುವರೆ, ಅಪರಿಚಿತರು ಬಂದಿರುವರೆ ಎಂಬುದನ್ನು. ಇಂಗ್ಲೆಂಡಿನ ರುಚಿಗಾರನು ಪರೀಕ್ಷಿಸಿದ್ದು ಮದ್ಯವನ್ನು, ಅರ್ಥಶಾಸ್ತ್ರದ ಚಾರನು ಪರೀಕ್ಷಿಸಿದ್ದು ಕುಡಿಯುವವನನ್ನು.

ಮತ್ತೆ ಚೆಸ್ಟರಿಗೆ ಬರೋಣ. ೧೫೭೫ರವರೆಗೂ ಆ ಪಟ್ಟಣದಲ್ಲಿ ಬೈಬಲ್ಲಿನ ಕಥೆಗಳನ್ನು ಬೀದಿನಾಟಕಗಳಾಗಿ ಆಡುವ ಸಂಪ್ರದಾಯವಿತ್ತು. ಕ್ರಿಸ್ತನು ನರಕಕ್ಕಿಳಿದು ಅಲ್ಲಿದ್ದ ಪುಣ್ಯಾತ್ಮರನ್ನು ಬಿಡಿಸಿಕೊಂಡು ಹೋಗುವ ನಾಟಕದ ಕೊನೆಯಲ್ಲಿ, ಒಬ್ಬಳು ಮಾತ್ರ ಅಲ್ಲಿಯೇ ಉಳಿಯುತ್ತಾಳೆ. ಅವಳು ಏಲ್ ಮಾರುವವಳು. ಅಳತೆಯಲ್ಲಿ ಮೋಸಮಾಡಿದೆ, ಬೂದಿಯನ್ನೂ ಸೊಪ್ಪುಸದೆಯನ್ನೂ ಬೆರೆಸಿದೆ ಎಂದು ಒಪ್ಪಿಕೊಳ್ಳುತ್ತಾಳೆ. ದೆವ್ವಗಳು ಅವಳನ್ನು ಸಂಭ್ರಮದಿಂದ ಎದುರುಗೊಳ್ಳುತ್ತವೆ. ಲೋಕದ ಪಾಪಿಗಳೆಲ್ಲರೊಳಗೆ ಇವಳೊಬ್ಬಳನ್ನೇ ಆರಿಸಿ ನಗೆಗೀಡುಮಾಡಿದುದರಿಂದ ಏಲ್ ಮಾರುವ ಹೆಂಗಸರ ವಿಷಯದಲ್ಲಿ ಜನರ ಮನಸ್ಸು ಹೇಗೆ ತಿರುಗಿತ್ತೆಂಬುದು ವಿಶದವಾಗುತ್ತದೆ. ನಾಟಕದವರು ಕಳ್ಳ ಅಳತೆಯ ಗಂಡಸನ್ನು ಹುಡುಕಬೇಕೆಂದಿದ್ದರೆ ಚೆಸ್ಟರಿನಲ್ಲಿ ಅವರಿಗೆ ಬರಗಾಲವಿದ್ದಿರಲಾರದು.

ಅಷ್ಟು ಹೊತ್ತಿಗೆ ವ್ಯಾಪಾರ ಹೆಂಗಸರ ಕೈಯಿಂದ ಜಾರುತ್ತಿತ್ತು. ಲಂಡನ್ನಿನ ಏಲ್ ತಯಾರಕರ ಸಂಘದಲ್ಲಿ ೧೫ನೆಯ ಶತಮಾನದ ಮೊದಲಲ್ಲಿ ಸದಸ್ಯರ ಪೈಕಿ ಸುಮಾರು ಮೂರರಲ್ಲೊಂದು ಪಾಲು ಹೆಂಗಸರಿದ್ದರು. ಈ ಸಂಘದ ದಫ್ತರ ಮತ್ತೊಂದು ಕಾರಣದಿಂದಲೂ ಸ್ಮರಣೀಯವಾಗಿದೆ. ಲ್ಯಾಟಿನ್ ಫ್ರೆಂಚುಗಳು ತಮ್ಮಲ್ಲಿ ಅನೇಕರಿಗೆ ಅರ್ಥವಾಗುವುದಿಲ್ಲವೆಂದೂ, ಐದನೆಯ ಹೆನ್ರಿ ದೊರೆಯೇ ತನ್ನ ಪತ್ರಗಳನ್ನು ಇಂಗ್ಲೀಷಿನಲ್ಲಿ ಬರೆಯಿಸುತ್ತಿರುವನೆಂದೂ ಕಾರಣ ಕೊಟ್ಟು, ಇನ್ನು ಮುಂದೆ ತಮ್ಮ ಲೆಕ್ಕಪತ್ರಗಳು ದೇಶಭಾಷೆಯಲ್ಲಿರಲಿ ಎಂದು ಅವರು ೧೪೨೨ರ ಸುಮಾರಿನಲ್ಲಿ ನಿಶ್ಚಯಿಸಿದರು. ಪಂಡಿತರಿಗೆ ತೋರದ ವಿವೇಕ ಏಲ್ ಕಾಯಿಸುವವರಿಗೆ ತೋರಿತು. ಅವರ ದಫ್ತರದಲ್ಲಿ ಜಗಳಗಳೂ ಇವೆ. ಲಂಡನ್ನಿನ ಪ್ರಸಿದ್ಧ ಮೇಯರನಾಗಿದ್ದ ರಿಚರ್ಡ್ ವಿಟಿಂಗ್ಟನ್ನನು ಏಲಿನ ಬೆಲೆ ಹೆಚ್ಚಿತೆಂದು ತಮ್ಮ ಮೇಲೆ ಹಗೆ ಸಾಧಿಸಿದನೆಂದೂ, ತಾವು ಹಬ್ಬದೂಟದಲ್ಲಿ ಕೊಬ್ಬಿದ ಹಂಸಗಳನ್ನು ತಿಂದದ್ದೇ ಅವನ ಸಿಟ್ಟಿಗೆ ಕಾರಣವೆಂದೂ ಅವರು ಬರೆದುಕೊಂಡಿದ್ದಾರೆ.

ಹೆಂಗಸರನ್ನು ಈ ಕಸುಬಿನಿಂದ ಹೊರಗಟ್ಟಿದ್ದು ಶಾಸನಕ್ಕಿಂತ ಹೆಚ್ಚಾಗಿ ಒಂದು ಬಳ್ಳಿಯ ಹೂವು. ಸಮುದ್ರದಾಚೆಯ ಹಾಲೆಂಡು ಫ್ಲಾಂಡರ್ಸುಗಳಲ್ಲಿ ಹಾಪ್ ಎಂಬ ಬಳ್ಳಿಯ ಹೂವನ್ನು ಸಿಹಿನೀರಿನಲ್ಲಿ ಕುದಿಸಿ ಮಾಡುವ ಕಹಿ ಪಾನೀಯಕ್ಕೆ ಬಿಯರ್ ಎಂದು ಹೆಸರು. ೧೪ನೆಯ ಶತಮಾನದಲ್ಲಿ ಅದು ಪೀಪಾಯಿಗಳಲ್ಲಿ ಇಂಗ್ಲೆಂಡಿನ ಪೂರ್ವದ ಬಂದರುಗಳಿಗೆ ಬಂದಿತು. ಮುಂದೆ ಆ ದೇಶಗಳ ಕಸುಬುಗಾರರೇ ಬಂದು ಲಂಡನ್ನಿನಲ್ಲಿ ಒಲೆ ಹೂಡಿದರು. ಬಿಯರು ವಿಷವೆಂದು ಎದ್ದ ಗುಲ್ಲಿನಿಂದ ಅವರನ್ನು ಕಾಪಾಡುವುದಕ್ಕೆ ೧೪೩೬ರಲ್ಲಿ ಆರನೆಯ ಹೆನ್ರಿ ಷೆರೀಫರಿಗೆ ಆಜ್ಞಾಪತ್ರ ಕಳುಹಿಸಬೇಕಾಯಿತು. ಹಾಪ್ ಹೂವಿನ ಗುಣವೆಂದರೆ ಅದು ಪಾನೀಯವನ್ನು ಕೆಡದಂತೆ ಕಾಯುತ್ತದೆ. ಒಂದು ಬುಷಲ್ ಮಾಲ್ಟಿನಿಂದ ಏಲಾದರೆ ೮ ಅಥವಾ ೯ ಗ್ಯಾಲನ್, ಬಿಯರಾದರೆ ೧೮ರಿಂದ ೨೦ ಗ್ಯಾಲನ್ ಬರುವುದೆಂದೂ, ಏಲ್ ಹದಿನೈದು ದಿನ ಉಳಿದರೆ ಬಿಯರು ತಿಂಗಳು ಉಳಿಯುವುದೆಂದೂ ರೆಜಿನಾಲ್ಡ್ ಸ್ಕಾಟ್ ಎಂಬವನು ೧೫೭೪ರಲ್ಲಿ ಹಾಪ್ ಬೇಸಾಯದ ಪುಸ್ತಕದಲ್ಲಿ ಲೆಕ್ಕ ಕೊಟ್ಟಿದ್ದಾನೆ. ಉಳಿಯುವ ಸರಕನ್ನು ದೂರ ಸಾಗಿಸಬಹುದು. ದೂರ ಸಾಗಿಸುವುದಾದರೆ ಹೆಚ್ಚು ಮಾಡಬಹುದು. ಹೆಚ್ಚು ಮಾಡಬೇಕಾದರೆ ದೊಡ್ಡ ತಾಮ್ರದ ಕಡಾಯಿಗಳು, ಸೌದೆ, ಆಳುಗಳು, ಎಲ್ಲಕ್ಕೂ ಮಿಗಿಲಾಗಿ ಸಾಲ ಬೇಕು. ಗಂಡನ ಹೆಸರಿಲ್ಲದೆ ವ್ಯವಹಾರ ಸಾಗಿಸಲಾರದ ಹೆಂಗಸಿಗೆ ಸಾಲ ಕೊಡುವವರು ಯಾರು? ಬೆನೆಟ್ ೧೯೯೬ರಲ್ಲಿ ಪ್ರಕಟಿಸಿದ ಗ್ರಂಥದ ಮುಖ್ಯವಾದ ವಾದ ಇದೇ. ಹಣ ಬಾರದ ಕಾಲದಲ್ಲಿ ಅದು ಹೆಂಗಸರ ಕೆಲಸವಾಗಿತ್ತು. ಹಣ ಬಂದ ಮೇಲೆ ಗಂಡಸರ ಉದ್ಯಮವಾಯಿತು.

೧೫೫೨ರ ಕಾನೂನು ಏಲ್ ಮನೆಗಳಿಗೆ ಮ್ಯಾಜಿಸ್ಟ್ರೇಟರ ಲೈಸೆನ್ಸನ್ನು ಕಡ್ಡಾಯಮಾಡಿದ ಬಳಿಕ ರುಚಿಗಾರನ ಬಟ್ಟಲಿಗೆ ಬೆಲೆ ಕಡಮೆಯಾಯಿತು. ಈಗ ಕೇಳುತ್ತಿದ್ದ ಪ್ರಶ್ನೆ ಏಲ್ ಹೇಗಿದೆಯೆಂದಲ್ಲ, ಮಾಲಿಕನು ಎಂಥವನೆಂದು. ಆದರೆ ಅದೇ ಹೊತ್ತಿನಲ್ಲಿ ಬೇರೊಂದು ಬಗೆಯ ಪರೀಕ್ಷಕನು ಹುಟ್ಟಿದನು. ಥೇಮ್ಸ್ ನದಿಯಲ್ಲಿ ದೋಣಿ ನಡೆಸುತ್ತಿದ್ದ ಜಾನ್ ಟೇಲರ್ ಎಂಬವನು ತನ್ನನ್ನು ‘ನೀರಿನ ಕವಿ’ ಎಂದು ಕರೆದುಕೊಂಡು, ಊರೂರು ತಿರುಗಿ, ತಿರುಗಿದ್ದನ್ನು ಬರೆದು ಅಚ್ಚುಹಾಕಿಸಿ ಬದುಕಿದನು. ೧೬೧೮ರಲ್ಲಿ ಕೈಯಲ್ಲಿ ಒಂದು ಕಾಸೂ ಇಲ್ಲದೆ ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ಹೋಗಿಬಂದವನು ಇವನು. ೧೬೩೬ರಲ್ಲಿ ಲಂಡನ್ ವೆಸ್ಟ್‌ಮಿನ್‌ಸ್ಟರ್ ನಗರಗಳ ಮದ್ಯಶಾಲೆಗಳನ್ನು ಅವುಗಳ ಚಿಹ್ನೆಗಳಿಗನುಸಾರವಾಗಿ ಪಟ್ಟಿಮಾಡಿ ಒಂದು ಪುಸ್ತಕವನ್ನೂ, ನಗರದ ಸುತ್ತಣ ಹತ್ತು ಸೀಮೆಗಳ ಮದ್ಯಶಾಲೆಗಳನ್ನು ಕುರಿತು ಮತ್ತೊಂದನ್ನೂ ಪ್ರಕಟಿಸಿದನು. ಯಾವ ಸರ್ಕಾರವೂ ಇವನನ್ನು ನೇಮಿಸಿರಲಿಲ್ಲ, ಯಾರಿಗೂ ದಂಡ ಹಾಕಿಸುವ ಶಕ್ತಿ ಇವನಿಗಿರಲಿಲ್ಲ. ಇವನ ನ್ಯಾಯಸಭೆ ಓದುಗರೇ. ಏಲಿನ ಪಕ್ಷಪಾತಿಯಾದ ಇವನು ಬಿಯರನ್ನು ಪರದೇಶದಿಂದ ಬಂದ ಹೊಸಬನೆಂದು ಕೊನೆಯವರೆಗೂ ಜರೆದನು. ವಯಸ್ಸಾದ ಮೇಲೆ ತಾನೇ ಲಂಡನ್ನಿನಲ್ಲಿ ‘ಕಿರೀಟ’ವೆಂಬ ಏಲ್ ಮನೆಯನ್ನು ಇಟ್ಟನು. ೧೬೪೯ರಲ್ಲಿ ಮೊದಲನೆಯ ಚಾರ್ಲ್ಸ್ ದೊರೆಯ ಶಿರಚ್ಛೇದವಾದಾಗ ಆ ಹಲಗೆಯನ್ನು ‘ಶೋಕದ ಕಿರೀಟ’ವೆಂದು ಬದಲಾಯಿಸಿದನಂತೆ, ಅಧಿಕಾರಿಗಳು ಸುಮ್ಮನಿರದುದರಿಂದ ಅದನ್ನು ತೆಗೆದು ತನ್ನ ಮುಖದ ಚಿತ್ರವನ್ನೇ ತೂಗುಹಾಕಿದನಂತೆ.

ಟೇಲರನ ಬಳಿಕ ಸುಮಾರು ಮುನ್ನೂರು ವರ್ಷಗಳ ಕಥೆಯನ್ನು ಬೇಗ ಹೇಳಿ ಮುಗಿಸಬಹುದು; ಅದು ಕಡಾಯಿಗಳು ದೊಡ್ಡವಾಗುತ್ತ ಹೋದ ಕಥೆ. ೧೬೪೩ರಲ್ಲಿ ಬಿಯರಿನ ಮೇಲೆ ಸುಂಕ ಬಿದ್ದು, ಸರ್ಕಾರದವರು ರುಚಿಯನ್ನು ಬಿಟ್ಟು ಪರಿಮಾಣವನ್ನು ಅಳೆಯತೊಡಗಿದರು. ೧೮ನೆಯ ಶತಮಾನದಲ್ಲಿ ‘ಪೋರ್ಟರ್’ ಎಂಬ ಕಪ್ಪು ಬಿಯರು ಲಂಡನ್ನಿನ ದುಡಿಮೆಗಾರರಿಗೆ ಪ್ರಿಯವಾಗಿ, ಅದನ್ನು ಮಾಡುವವರು ಕೋಟ್ಯಧೀಶರಾದರು. ೧೭೮೪ರಲ್ಲಿ ಜಾನ್ ರಿಚರ್ಡ್‌ಸನ್ನನು ಸಿಹಿನೀರಿನ ಸಾಂದ್ರತೆಯನ್ನು ಅಳೆಯುವ ಉಪಕರಣದ ಮೇಲೆ ಪುಸ್ತಕ ಬರೆದ ಮೇಲೆ ನಾಲಗೆಯ ಕೆಲಸವನ್ನು ಗಾಜು ಲೋಹಗಳು ವಹಿಸಿಕೊಂಡವು. ೧೭೮೭ರಲ್ಲಿ ಮೂರನೆಯ ಜಾರ್ಜ್ ದೊರೆ ರಾಣಿಯೊಡನೆ ವಿಟ್‌ಬ್ರೆಡ್ಡನ ಬಿಯರ್ ಕಾರ್ಖಾನೆಯನ್ನು ನೋಡಲು ಹೋದನು. ಅವನು ಬೆರಗುಪಟ್ಟದ್ದು ಉಗಿಯಂತ್ರವನ್ನೂ ಮಹಾಪಾತ್ರೆಗಳನ್ನೂ ಕಂಡು. ಪಾನೀಯದ ಗುಣವನ್ನು ಕುರಿತು ರಾಜನೇನೆಂದನೆಂಬುದು ಯಾರಿಗೂ ಮುಖ್ಯವೆನಿಸಲಿಲ್ಲ.

ಈ ಮಹಾಪಾತ್ರೆಗಳ ಮೋಹಕ್ಕೆ ಬೆಲೆ ತೆತ್ತವರು ಬಡವರು. ೧೮೧೪ರ ಅಕ್ಟೋಬರ್ ೧೭ನೆಯ ತಾರೀಖು ಲಂಡನ್ನಿನ ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯ ಬಳಿ ಮ್ಯೂ ಕಂಪೆನಿಯ ೨೨ ಅಡಿ ಎತ್ತರದ ಮರದ ತೊಟ್ಟಿಯೊಂದರಿಂದ ಕಬ್ಬಿಣದ ಬಳೆ ಜಾರಿತು. ಬಳೆ ಜಾರುವುದು ಆಗಾಗ ಉಂಟಾದದ್ದೆಂದು ಯಾರೂ ಗಾಬರಿಯಾಗಲಿಲ್ಲ. ಸುಮಾರು ಒಂದು ಗಂಟೆಯ ಮೇಲೆ ತೊಟ್ಟಿ ಒಡೆದು, ಪಕ್ಕದವುಗಳನ್ನೂ ಒಡೆದು, ಹಿಂದಿನ ಗೋಡೆಯನ್ನು ಕೆಡಹಿ, ಕೊಳೆಗೇರಿಯ ಮನೆಗಳಿಗೆ ಬಿಯರಿನ ಪ್ರವಾಹ ನುಗ್ಗಿತು. ನೆಲಮಾಳಿಗೆಯೊಂದರಲ್ಲಿ ಐರಿಷ್ ಸಂಸಾರದವರು ಸತ್ತ ಎರಡು ವರ್ಷದ ಮಗುವಿನ ಶವದ ಮುಂದೆ ಕುಳಿತಿದ್ದರು. ಆ ತಾಯಿಯೂ ಜೊತೆಯಲ್ಲಿದ್ದ ಬೇರೆ ಕೆಲವರೂ ಮುಳುಗಿ ಸತ್ತರು. ಎಲ್ಲ ಸೇರಿ ಎಂಟು ಮಂದಿ, ಹೆಂಗಸರು ಮತ್ತು ಮಕ್ಕಳು. ಇದು ಆಕಸ್ಮಿಕವೆಂದು ಪಂಚಾಯತರು ತೀರ್ಮಾನಿಸಿದರು. ಚೆಲ್ಲಿಹೋದ ಬಿಯರಿಗೆ ಕಟ್ಟಿದ್ದ ಸುಂಕ ಸುಮಾರು ೭,೨೫೦ ಪೌಂಡನ್ನು ಸರ್ಕಾರ ಕಂಪೆನಿಗೆ ಹಿಂದಕ್ಕೆ ಕೊಟ್ಟಿತು. ಸತ್ತವರ ಕಡೆಯವರಿಗೆ ಕಂಪೆನಿಯಿಂದ ಪರಿಹಾರವೇನೂ ದೊರೆಯಲಿಲ್ಲ.

ಮುಂದೆ ದೊಡ್ಡ ಕಂಪೆನಿಗಳು ಕುಡಿಯುವ ಮನೆಗಳನ್ನೂ ಕೊಂಡುಕೊಂಡು, ಅಲ್ಲಿ ತಮ್ಮ ಬಿಯರನ್ನಲ್ಲದೆ ಬೇರೆಯದನ್ನು ಮಾರಕೂಡದೆಂದು ಕರಾರು ಹಾಕಿದವು. ಅವರ ಸರಕು ಸಾಮ್ರಾಜ್ಯವನ್ನು ಹಿಂಬಾಲಿಸಿ ಹಿಂದೂಸ್ಥಾನಕ್ಕೂ ಬಂದಿತು. ಇಲ್ಲಿಯೇ ಬಿಯರ್ ಕಾರ್ಖಾನೆಗಳೂ ಎದ್ದವು. ದಕ್ಷಿಣ ಭಾರತದ ಐದು ಕಾರ್ಖಾನೆಗಳನ್ನು ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ೧೯೧೫ರಲ್ಲಿ ಒಂದುಗೂಡಿಸಿದ್ದೇ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್. ೧೯೭೦ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಆರು ಮಹಾಸಂಸ್ಥೆಗಳು ಬಹುಭಾಗ ವ್ಯಾಪಾರವನ್ನು ಹಿಡಿದಿದ್ದವು. ಸೋಸಿ, ಕಾಯಿಸಿ, ಅನಿಲ ತುಂಬಿ ಲೋಹದ ಪೀಪಾಯಿಗಳಲ್ಲಿ ಕಳುಹಿಸಿದ ಬಿಯರು ಎಲ್ಲೆಲ್ಲಿಯೂ ಒಂದೇ ರುಚಿ. ರುಚಿಗಾರನಿಗೆ ಇನ್ನು ನೋಡುವುದಕ್ಕೇನೂ ಉಳಿದಿರಲಿಲ್ಲ.

ಹೀಗಿರಲು ೧೯೭೧ರ ಮಾರ್ಚಿಯಲ್ಲಿ, ಐರ್ಲೆಂಡಿನ ಪಶ್ಚಿಮ ತೀರದ ಒಂದು ಪಾನಗೃಹದಲ್ಲಿ ರಜೆಗೆ ಹೋಗಿದ್ದ ನಾಲ್ವರು ಇಂಗ್ಲೀಷ್ ತರುಣರು ತಮ್ಮ ನಾಡಿನ ಬಿಯರಿನ ದುಃಸ್ಥಿತಿಗೆ ಮರುಗಿ ಒಂದು ಸಂಘವನ್ನು ಸ್ಥಾಪಿಸಿದರು. ‘ಕ್ಯಾಮ್ರಾ’ ಎಂಬ ಹೆಸರಿನ ಆ ಸಂಘ ಕುಡಿದು ಹರಟುವವರ ಕೂಟವೆಂದು ನಕ್ಕವರೇ ಬಹಳ. ಆದರೆ ಅದರ ಸದಸ್ಯರು ಊರೂರಿನ ಪಾನಗೃಹಗಳಿಗೆ ಹೋಗಿ, ಪೀಪಾಯಿಯಲ್ಲಿಯೇ ಹುದುಗುತ್ತ ಪಕ್ವವಾಗುವ ಹಳೆಯ ರೀತಿಯ ಏಲ್ ಎಲ್ಲಿ ದೊರೆಯುವುದೆಂದು ಗುರುತುಮಾಡಿದರು. ೧೯೭೪ರಲ್ಲಿ ‘ಒಳ್ಳೆಯ ಬಿಯರಿನ ಕೈಪಿಡಿ’ ಅಚ್ಚಾಯಿತು. ಅದರಲ್ಲಿ ಒಂದು ದೊಡ್ಡ ಕಂಪೆನಿಯ ಬಿಯರನ್ನು ಪ್ಲೇಗಿನಂತೆ ದೂರವಿಡಬೇಕೆಂದು ಬರೆದಿದ್ದುದರಿಂದ, ಮಾನನಷ್ಟದ ದಾವೆಗೆ ಹೆದರಿದ ಮುದ್ರಣದವರು ಅಚ್ಚಾದ ಪ್ರತಿಗಳನ್ನೇ ಹಾಳುಮಾಡಿ, ಆ ಮಾತನ್ನು ಸ್ವಲ್ಪ ಮೃದುಮಾಡಿ ಮತ್ತೆ ಅಚ್ಚುಮಾಡಿದರು. ದಂಡ ಹಾಕಿಸಬಲ್ಲ ಹಳೆಯ ರುಚಿಗಾರನಿಗೆ ಇಲ್ಲದ ಭಯ ಹೊಸ ರುಚಿಗಾರನಿಗೆ ಬಂದಿತ್ತು. ಅಂತೂ ಕೈಪಿಡಿ ವರ್ಷವರ್ಷವೂ ಹೊರಡುವಂತಾಯಿತು.

ಅದೇ ೧೯೭೪ರಲ್ಲಿ ನಾರ್ತಾಂಪ್ಟನ್ ಪಟ್ಟಣದ ಹಳೆಯ ಬಿಯರ್ ಕಾರ್ಖಾನೆ ಮುಚ್ಚಿತು. ಅಲ್ಲಿ ಮುಖ್ಯ ತಯಾರಕರಾಗಿದ್ದ ಬಿಲ್ ಅರ್ಕಾರ್ಟ್ ಎಂಬುವರು ಲಿಚ್‌ಬರೋ ಎಂಬ ಹಳ್ಳಿಯ ತೋಟದ ಮನೆಯಲ್ಲಿ ಸ್ವಂತವಾಗಿ ಏಲ್ ಮಾಡಲಾರಂಭಿಸಿದರು. ಇಂಗ್ಲೆಂಡಿನಲ್ಲಿ ಆ ಬಳಿಕ ಹುಟ್ಟಿದ ಸಾವಿರಾರು ಚಿಕ್ಕ ಬಿಯರ್ ಮನೆಗಳಿಗೆ ಇದನ್ನು ಮೇಲುಪಂಕ್ತಿಯೆಂದು ಎಣಿಸುತ್ತಾರೆ. ಬ್ರಿಗ್‌ಸ್ಟಾಕಿನ ಹೆಂಗಸರು ಏಲ್ ಮಾಡಿದ್ದೂ ಇದೇ ಸೀಮೆಯಲ್ಲಿಯೇ. ಅಮೆರಿಕದಲ್ಲಿ ೧೯೨೦ರಿಂದ ೧೯೩೩ರವರೆಗಿನ ಪಾನನಿಷೇಧ ಊರಿನ ಬಿಯರ್ ಮನೆಗಳನ್ನೆಲ್ಲ ನುಂಗಿತ್ತು. ಅಲ್ಲಿಯೂ ೧೯೭೬ರಲ್ಲಿ ಜ್ಯಾಕ್ ಮೆಕಾಲಿಫ್ ಎಂಬುವರು ಕ್ಯಾಲಿಫೋರ್ನಿಯದ ಸೊನೋಮದಲ್ಲಿ ಚಿಕ್ಕದೊಂದನ್ನು ತೆರೆದರು. ಅದು ಆರೇ ವರ್ಷದಲ್ಲಿ ಮುಚ್ಚಿದರೂ ಅದನ್ನು ಕಂಡು ಎದ್ದವು ಅನೇಕ. ೧೯೭೭ರಲ್ಲಿ ಯಾರ್ಕ್‌ಷೈರಿನ ಪತ್ರಕರ್ತ ಮೈಕೆಲ್ ಜಾಕ್ಸನ್ ಅವರ ‘ಬಿಯರಿನ ಜಗತ್ತಿನ ಕೈಪಿಡಿ’ ಹೊರಬಂದಿತು. ಪ್ರಸಿದ್ಧ ಗಾಯಕನ ಹೆಸರನ್ನೇ ಹೊತ್ತು ಜೀವಮಾನವೆಲ್ಲ ಹಾಸ್ಯಕ್ಕೆ ಗುರಿಯಾದ ಇವರು (೧೯೪೨–೨೦೦೭), ದೇಶದೇಶಗಳ ಬಿಯರುಗಳನ್ನು ಅವುಗಳ ಊರು, ವಿಧ, ಪರಂಪರೆಗಳಿಗನುಸಾರವಾಗಿ ವಿಂಗಡಿಸಿ, ದ್ರಾಕ್ಷಾಮದ್ಯಕ್ಕೆ ಸಲ್ಲುತ್ತಿದ್ದ ಗೌರವದ ಭಾಷೆಯನ್ನು ಬಿಯರಿಗೂ ತಂದರು. ಕರ್ನಾಟಕದಲ್ಲಿ ಚಿಕ್ಕ ಬಿಯರ್ ಮನೆಗಳಿಗೆ ಅನುಮತಿ ದೊರೆತು ೨೦೧೦ರ ದಶಕದ ಮೊದಲಿನಿಂದ ಬೆಂಗಳೂರಿನಲ್ಲಿ ಅವು ಹೆಚ್ಚಿದಾಗ, ಅವುಗಳ ಗುಣದೋಷಗಳನ್ನು ಬರೆದವರು ಬಳಸಿದ್ದು ಬಹುಮಟ್ಟಿಗೆ ಜಾಕ್ಸನ್ನರ ಪರಿಭಾಷೆಯನ್ನೇ.

ಹಳೆಯ ತೊಡಕು ಮಾತ್ರ ಬೇರೆ ವೇಷದಲ್ಲಿ ಉಳಿದಿದೆ. ಮಾಲಿಕನು ಪುಕ್ಕಟೆಯಾಗಿ ಕೊಟ್ಟ ಬಟ್ಟಲನ್ನು ಕುಡಿದವನ ತೀರ್ಪನ್ನು ಎಷ್ಟರಮಟ್ಟಿಗೆ ನಂಬಬಹುದು? ಒಂದೇ ದಿನ ಹೋಗಿ ಬಂದವನು ಆ ಮನೆಯ ಪಾನೀಯವನ್ನು ಬಲ್ಲನೆ? ಇಂಗ್ಲೆಂಡಿನ ಕೈಪಿಡಿಯವರು ಆಯಾ ಸೀಮೆಯ ಸದಸ್ಯರಿಗೇ ಆಯ್ಕೆಯನ್ನು ಬಿಟ್ಟದ್ದು ಈ ಕಾರಣದಿಂದ. ಊರಿನವನು ಮತ್ತೆ ಮತ್ತೆ ಹೋಗಬಲ್ಲನು. ಆದರೆ ಊರಿನವನಿಗೆ ಊರಿನ ದಾಕ್ಷಿಣ್ಯವೂ ಇರುತ್ತದೆ. ಹೆಂಡತಿಯ ಕಡಾಯಿಯ ಮುಂದೆ ಬಟ್ಟಲು ಹಿಡಿದು ನಿಂತ ಆ ಬ್ರಿಗ್‌ಸ್ಟಾಕಿನ ರುಚಿಗಾರನಿಗೆ ಇದು ಗೊತ್ತಿದ್ದ ಸಂಗತಿಯೇ.

ಲಂಡನ್ ನಗರದಲ್ಲಿ ನಾಲ್ವರು ಏಲ್ ಕಾನರರನ್ನು ಆರಿಸುವ ಸಂಪ್ರದಾಯ, ಬರಿಯ ಮರ್ಯಾದೆಗಾಗಿ, ಬಹುಕಾಲ ಉಳಿದುಬಂದಿದೆ. ಹಳ್ಳಿಗಳ ರುಚಿಗಾರರು ಬಿಟ್ಟುಹೋದದ್ದು ನ್ಯಾಯಸಭೆಯ ತೊಗಲಿನ ಸುರುಳಿಗಳನ್ನು. ದಂಡ ತೆತ್ತವರ ಆ ಪಟ್ಟಿಗಳಲ್ಲಿ ಇಂಥವನ ಹೆಂಡತಿ, ಇಂಥವನ ವಿಧವೆ, ಇಂಥವನ ಮಗಳು ಎಂದು ಸಾಲುಸಾಲಾಗಿ ಬರೆದಿದೆ. ಒಬ್ಬೊಬ್ಬಳ ಹೆಸರಿನ ಮುಂದೆ ಎರಡು ಪೆನ್ನಿ, ಮೂರು ಪೆನ್ನಿ. ಅವರಲ್ಲಿ ಬಹುಮಂದಿಯ ಹೆಸರು ಬೇರೆ ಯಾವ ಕಾಗದದಲ್ಲಿಯೂ ಇಲ್ಲ.